ಮೆಟ್ಟಿಲು ಎಣಿಸಿದ ಕಂಡಕ್ಟರ್

ಕೊಳ್ಳೇಗಾಲದಿಂದ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹೊರಡುವ ಮಾದಪ್ಪನ ಬೆಟ್ಟದ ಬಸ್ಸಿಗೆ ಪ್ರೇಮಾ ಕಂಡಕ್ಟರ್. ಹನ್ನೊಂದು ವರ್ಷದಿಂದ ಹೆಚ್ಚುಕಮ್ಮಿ ಅದೇ ದಾರಿ: ಹನೂರು, ಕೌದಳ್ಳಿ, ತಾಳಬೆಟ್ಟ, ಆಮೇಲೆ ತಿರುವುಗಳ ಏರು. ಆ ದಾರಿಯಲ್ಲಿ ನಿತ್ಯ ಓಡಾಡುವವರಿಗೆಲ್ಲ ಅವಳ ಒಂದು ಅಭ್ಯಾಸ ಗೊತ್ತು. ಹತ್ತುವವರ ಮುಖ ನೋಡುವ ಮೊದಲು ಅವಳು ಅವರ ಕಾಲು ನೋಡುತ್ತಾಳೆ. ಯಾರ ಮಂಡಿ ಹಿಡಿದುಕೊಂಡಿದೆ, ಯಾರ ಸೊಂಟದ ಮೇಲೆ ಮಗುವಿದೆ, ಹರಕೆಗೆ ಬರಿಗಾಲಲ್ಲಿ ನಡೆದ ಯಾರ ಪಾದ ಬೊಬ್ಬೆ ಎದ್ದಿದೆ, ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡೂ ಕಾಲು ಬಸ್ಸಿನೊಳಗೆ ಬಂದ ಮೇಲೆಯೇ ಸೀಟಿ.

"ಟೈಮಾಯ್ತು ಪ್ರೇಮಕ್ಕ" ಎಂದು ಡ್ರೈವರ್ ಪರಮೇಶ ಕನ್ನಡಿಯಲ್ಲಿ ಕಣ್ಣು ಹಾಯಿಸಿ ಗೊಣಗುತ್ತಾನೆ.

"ಆಗ್ಲಿ ಬುಡು. ಆ ಅಜ್ಜಿದು ಒಂದ್ ಕಾಲು ಇನ್ನೂ ನೆಲದ್ ಮ್ಯಾಲದೆ."

ಪ್ರೇಮಾ ಹುಟ್ಟಿದ್ದು ಯಳಂದೂರಿನ ಪಕ್ಕದ ಹಳ್ಳಿಯಲ್ಲಿ. ಪಿ.ಯು.ಸಿ. ಮುಗಿಸಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದವಳು. ಗಂಡ ನಾಗರಾಜು ಕೊಳ್ಳೇಗಾಲದಲ್ಲಿ ನಲ್ಲಿನೀರು ಬಿಡುವ ಕೆಲಸದಲ್ಲಿದ್ದಾನೆ. ರೇಷ್ಮೆ ನೇಯುವವರ ಬೀದಿಯ ತುದಿಯಲ್ಲಿ ಅವರ ಬಾಡಿಗೆ ಮನೆ. ಒಬ್ಬಳೇ ಮಗಳು ದೀಪಳಿಗೆ ಹುಟ್ಟಿನಿಂದಲೇ ಎಡಗಾಲಲ್ಲಿ ಬಲವಿಲ್ಲ. ಕಂಕುಳಿಗೆ ಊರುಗೋಲು ಕೊಟ್ಟು ನಡೆಯುತ್ತಾಳೆ. ಪ್ರೇಮಾಳಿಗೆ ಜನರ ಕಾಲು ನೋಡುವ ಅಭ್ಯಾಸ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ದೀಪ ಒಂಬತ್ತನೇ ತರಗತಿಯಲ್ಲಿದ್ದಾಗ ಅವಳೂ ಅವಳ ಗೆಳತಿ ಇಂಚರಳೂ ಸೇರಿ ಒಂದು ಮಾದರಿ ಮಾಡಿದರು. ಇಂಚರ ಅದೇ ಬೀದಿಯ ನೇಕಾರರ ಮನೆಯ ಹುಡುಗಿ. ಅವಳ ತಾತ ವೆಂಕಟಸ್ವಾಮಿ ಎಪ್ಪತ್ತೆರಡರಲ್ಲೂ ದಿನಕ್ಕೆ ನಾಲ್ಕು ಗಂಟೆ ಮಗ್ಗದ ಮುಂದೆ ಕೂರುವ ಮನುಷ್ಯ. ಮಗ್ಗದಲ್ಲಿ ಕಾಲಿನಿಂದ ಹಲಗೆ ತುಳಿದರೆ ಮೇಲಿನ ಎಳೆಗಳು ಏಳುವುದನ್ನು ನೋಡುತ್ತ ಕೂತಿದ್ದ ದೀಪಳಿಗೆ, ಇದೇ ಉಪಾಯದಲ್ಲಿ ಬಸ್ಸಿನ ಬಾಗಿಲ ಕೆಳಗೆ ಒಂದು ಮಡಚುವ ಮೆಟ್ಟಿಲನ್ನು ಇಳಿಸಬಹುದಲ್ಲ ಅನ್ನಿಸಿತು. ಡ್ರೈವರ್ ತುಳಿದರೆ ಮೆಟ್ಟಿಲು ಇಳಿಯುತ್ತದೆ, ಕಾಲು ತೆಗೆದರೆ ಮೇಲೆ ಮಡಚಿಕೊಳ್ಳುತ್ತದೆ. ಮೋಟರು ಬೇಡ, ಕರೆಂಟು ಬೇಡ. ಹಗ್ಗ ಕಟ್ಟುವ ಲೆಕ್ಕವನ್ನು ವೆಂಕಟಸ್ವಾಮಿಯೇ ಹೇಳಿಕೊಟ್ಟರು. ವಿಜ್ಞಾನದ ಮೇಷ್ಟ್ರು ಹೇಮಂತ್ ಅದನ್ನು ಮಕ್ಕಳ ತಾಂತ್ರಿಕ ಮಾದರಿ ಸ್ಪರ್ಧೆಗೆ ಕಳುಹಿಸಿದರು. ಜಿಲ್ಲೆಯಲ್ಲಿ ಗೆದ್ದಿತು, ಪ್ರಾಂತದಲ್ಲೂ ರಾಜ್ಯದಲ್ಲೂ ಗೆದ್ದಿತು. ಜನವರಿಯಲ್ಲಿ ರಾಷ್ಟ್ರಮಟ್ಟದ್ದು.

ಅದು ನಡೆದದ್ದು ಉತ್ತರದ ಒಂದು ದೊಡ್ಡ ನಗರದಲ್ಲಿ. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸು ಇರಲೇಬೇಕು ಎಂಬ ನಿಯಮವಿತ್ತು. ಪ್ರೇಮಾ ರಜೆ ಹಾಕಿ ಹೊರಟಳು.

ಎರಡು ಹಗಲು ಎರಡು ರಾತ್ರಿ ರೈಲು. ನಿಲ್ದಾಣದಲ್ಲಿ ಇಳಿದ ಮೇಲೆ ಗೊತ್ತಾಯಿತು, ಸ್ಪರ್ಧೆ ನಗರದಲ್ಲಲ್ಲ, ನಲವತ್ತು ಕಿಲೋಮೀಟರು ಆಚೆ, ಹೆದ್ದಾರಿಯ ಪಕ್ಕದ ಖಾಸಗಿ ಕಾಲೇಜಿನಲ್ಲಿ. ಅಲ್ಲಿಗೆ ಬಸ್ಸಿಲ್ಲ. ಮಾದರಿಯ ಪೆಟ್ಟಿಗೆ ದೊಡ್ಡದೆಂದು ಮೂರು ಟ್ಯಾಕ್ಸಿಯವರು ಒಲ್ಲೆ ಅಂದರು. ನಾಲ್ಕನೆಯವನು ಕೇಳಿದ್ದು, ಮೈಸೂರಿನಿಂದ ಅಲ್ಲಿಯವರೆಗೆ ರೈಲಿಗೆ ಒಬ್ಬರಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು. ಹೋಗಿ ನೋಡಿದರೆ ಮಲಗುವ ಕೋಣೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಮರುದಿನ ಬೆಳಿಗ್ಗೆ ಸ್ಪರ್ಧೆಯ ಸಭಾಂಗಣದ ಮುಂದೆ ನಿಂತರೆ ಅರಮನೆಯ ಹಾಗೆ ಮೆಟ್ಟಿಲುಗಳು. ಪ್ರೇಮಾ ಎಣಿಸಿದಳು, ನಲವತ್ತೆಂಟು.

ಹೇಮಂತ್ ಮೇಷ್ಟ್ರು ಪೆಟ್ಟಿಗೆ ಕೆಳಗಿಟ್ಟು, "ಬಾರಮ್ಮ ದೀಪ, ನಾನೂ ನಿಮ್ಮಮ್ಮನೂ ಎತ್ಕೊಂಡು ಹೋಗ್ತೀವಿ" ಅಂದರು.

"ಬ್ಯಾಡಿ ಸಾ" ಅಂದಳು ದೀಪ. "ನಾನೇ ಹತ್ತೀನಿ. ನೀವು ಮಾಡೆಲ್ ತಕಂಡ್ ಓಗಿ."

ಇಂಚರ ಊರುಗೋಲು ಹಿಡಿದುಕೊಂಡಳು. ದೀಪ ಪಕ್ಕದ ಕಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಏರಿದಳು. ನಡುವೆ ಎರಡು ಕಡೆ ಕೂತಳು. ಮೇಲೆ ತಲುಪುವಷ್ಟರಲ್ಲಿ ತೀರ್ಪುಗಾರರು ಅವರ ಮೇಜು ದಾಟಿ ಹೋಗಿದ್ದರು. ಮೇಷ್ಟ್ರು ಬೇಡಿಕೊಂಡ ಮೇಲೆ ಒಬ್ಬರು ಹಿಂದಕ್ಕೆ ಬಂದು ಎರಡು ನಿಮಿಷ ನೋಡಿ, ಚೆನ್ನಾಗಿದೆ ಅಂದು ಬೆನ್ನು ತಟ್ಟಿ ಹೋದರು. ಅಷ್ಟೇ.

ಪ್ರೇಮಾಳಿಗೆ ಸಿಟ್ಟು ಬಂತು. ಆದರೆ ಅವಳು ಜಗಳಕ್ಕೆ ಹೋಗಲಿಲ್ಲ. ಸಭಾಂಗಣದಲ್ಲಿ ಒಂದು ಸುತ್ತು ಹಾಕಿದಳು. ಹಾಗೆ ಸುತ್ತುವಾಗ ಅವಳ ಕಣ್ಣಿಗೆ ಬಿದ್ದದ್ದು ಖಾಲಿ ಮೇಜುಗಳು. ಒಂದೊಂದರ ಮೇಲೂ ಶಾಲೆಯ ಹೆಸರು, ರಾಜ್ಯದ ಹೆಸರು ಬರೆದ ಫಲಕ. ಹಿಂದೆ ಎರಡು ಖಾಲಿ ಕುರ್ಚಿ. ಒಟ್ಟು ಹನ್ನೊಂದು. ಉಳಿದವರೆಲ್ಲ ಆ ಮೇಜುಗಳ ಮೇಲೆ ನೀರಿನ ಬಾಟಲಿ, ಊಟದ ಡಬ್ಬಿ ಇಟ್ಟಿದ್ದರು. ಬಸ್ಸಿನಲ್ಲಿ ಟಿಕೆಟ್ ಕಾದಿರಿಸಿದ ಸೀಟು ಖಾಲಿ ಹೋದರೆ ಕಂಡಕ್ಟರಿಗೆ ಬರುವುದು ಒಂದೇ ಯೋಚನೆ: ಅವರು ಎಲ್ಲಿ ಸಿಕ್ಕಿಕೊಂಡರು? ಅವಳು ಕಾರ್ಯಕ್ರಮ ಪಟ್ಟಿಯ ಬೆನ್ನಿಗೆ ಹನ್ನೊಂದೂ ಹೆಸರುಗಳನ್ನು ಬರೆದುಕೊಂಡಳು. ಒಡಿಶಾ, ಕಚ್ಛ್, ಅಸ್ಸಾಂ, ಲಡಾಖ್, ರಾಜಸ್ಥಾನದ ಒಂದು ಅಂಧಮಕ್ಕಳ ಶಾಲೆ.

"ಇವ್ರೆಲ್ಲ ಯಾಕ್ ಬರ್ಲಿಲ್ಲ ಸಾ?" ಎಂದು ಮೇಷ್ಟ್ರನ್ನು ಕೇಳಿದಳು.

"ಗೊತ್ತಿಲ್ಲ ಪ್ರೇಮಾ ಅವರೇ. ಪ್ರತಿ ಸಲ ಒಂದಷ್ಟು ಶಾಲೆಯವರು ಬರೋದಿಲ್ವಂತೆ."

"ಕೇಳ್ಬೇಕಲ್ವಾ?"

ಊರಿಗೆ ಬಂದ ಮೇಲೆ ಅವಳು ಕೇಳಿಯೇ ಬಿಟ್ಟಳು. ಭಾನುವಾರಗಳಂದು ಹೇಮಂತ್ ಮೇಷ್ಟ್ರು ಮನೆಗೆ ಬಂದು ಕೂರುತ್ತಿದ್ದರು. ಶಾಲೆಗಳ ನಂಬರು ಹುಡುಕಿ, ತಮ್ಮ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡಿ, ಉತ್ತರವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಪ್ರೇಮಾ ಬರೆದುಕೊಳ್ಳುತ್ತಿದ್ದಳು. ಒಂಬತ್ತು ಶಾಲೆಗಳು ಸಿಕ್ಕವು. ಒಡಿಶಾದ ಗುಡ್ಡಗಾಡಿನ ಹುಡುಗಿಯರ ಜೊತೆ ನಾಲ್ಕು ದಿನದ ದಾರಿಗೆ ಬರಲು ಹೆಂಗಸರು ಸಿಕ್ಕಿರಲಿಲ್ಲ. ಲಡಾಖಿನವರಿಗೆ ಜನವರಿಯೆಂದರೆ ಹಿಮ ಬಿದ್ದು ರಸ್ತೆ ಮುಚ್ಚುವ ಕಾಲ. ಕಚ್ಛಿನವರ ರೈಲು ಆ ನಗರಕ್ಕೆ ತಲುಪುವುದು ಹೊತ್ತು ಮೀರಿ, ಅಲ್ಲಿಂದ ಕಾಲೇಜಿಗೆ ಹೇಗೆ ಹೋಗುವುದೆಂದು ಯಾರೂ ಹೇಳಿರಲಿಲ್ಲ. ಅಂಧಮಕ್ಕಳ ಶಾಲೆಯ ಮೇಷ್ಟ್ರು ಮಾತ್ರ, "ನಾವು ಐದು ವರ್ಷದಿಂದ ಹೆಸರು ಕೊಡುತ್ತಿದ್ದೇವೆ. ಯಾಕೆ ಬರಲಿಲ್ಲ ಅಂತ ಕೇಳಿದವರು ನೀವೇ ಮೊದಲು" ಅಂದರಂತೆ.

ಆಮೇಲೆ ಅವಳು ಒಂದು ಪತ್ರ ಬರೆದಳು. ಮೂರು ಪುಟ, ಕನ್ನಡದಲ್ಲಿ. ಅದರ ಮೊದಲ ಸಾಲುಗಳು ಹೀಗಿದ್ದವು: "ನಾನು ಬಸ್ ಕಂಡಕ್ಟರ್. ಸ್ಪರ್ಧೆಯ ವಿಚಾರ ನನಗೆ ಅಷ್ಟಾಗಿ ತಿಳಿಯದು. ಪ್ರಯಾಣದ ವಿಚಾರ ತಿಳಿಯುತ್ತದೆ. ನೀವು ಊರನ್ನು ಆರಿಸುವಾಗ ಸಭಾಂಗಣ ಎಷ್ಟು ದೊಡ್ಡದು ಎಂದು ನೋಡುತ್ತೀರಿ. ಅಲ್ಲಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಯಾರನ್ನಾದರೂ ಕೇಳಿದ್ದೀರಾ?" ಮುಂದೆ ಒಂಬತ್ತು ಶಾಲೆಗಳ ಕಥೆ. ಅದರ ಕೆಳಗೆ, ಒಂದು ಊರನ್ನು ಒಪ್ಪುವ ಮುನ್ನ ತಾನಾಗಿದ್ದರೆ ಏನೇನು ಕೇಳುತ್ತಿದ್ದೆ ಎಂಬ ಪಟ್ಟಿ. ನಾಲ್ಕು ದಿಕ್ಕಿನಿಂದಲೂ ಗಾಡಿ ಬದಲಿಸದೆ ಬರಬಹುದೇ, ನೆಲಮಹಡಿಯಲ್ಲಿ ಎಷ್ಟು ಹಾಸಿಗೆ ಇವೆ, ಕಕ್ಕಸಿನ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದೆಯೇ, ಸುತ್ತ ಮುತ್ತ ಕೂಲಿಯವರ ಮಕ್ಕಳಿಗೂ ಗಿಟ್ಟುವ ಬೆಲೆಗೆ ಊಟ ಸಿಗುತ್ತದೆಯೇ. ಹೇಮಂತ್ ಮೇಷ್ಟ್ರು ಒಂದು ಪದವನ್ನೂ ನುಣುಪು ಮಾಡದೆ ಇಂಗ್ಲಿಷಿಗೆ ಇಳಿಸಿ, ಸ್ಪರ್ಧೆ ನಡೆಸುವ ಪರಿಷತ್ತಿಗೆ ಎರಡೂ ಪ್ರತಿ ಕಳುಹಿಸಿದರು.

ಎರಡು ತಿಂಗಳು ಸದ್ದಿಲ್ಲ. ಒಂದು ದಿನ ಕೌದಳ್ಳಿಯ ಹತ್ತಿರ, ನಿಂತವರೂ ಕೂತವರೂ ಸೇರಿ ಬಸ್ಸು ಕಿಕ್ಕಿರಿದಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಪ್ರೇಮಾ ತೆಗೆಯಲಿಲ್ಲ. ಬೆಟ್ಟದ ನಿಲ್ದಾಣದಲ್ಲಿ ಇಳಿದು, ಟೀ ತೆಗೆದುಕೊಂಡು ತಾನೇ ಮಾಡಿದಳು. ಆ ಕಡೆ ಮೀನಾಕ್ಷಿ ಕುಲಕರ್ಣಿ. ಪರಿಷತ್ತಿನ ಕಾರ್ಯದರ್ಶಿ, ಇರುವುದು ಪುಣೆಯಲ್ಲಿ, ಹುಟ್ಟಿದ್ದು ಧಾರವಾಡದಲ್ಲಿ.

"ನಿಮ್ಮ ಪತ್ರ ಸಮಿತಿಯೊಳಗ ಓದಿದ್ವಿ" ಅಂದರು ಅವರು. "ಎರಡೆರಡು ಸಲ ಓದಿದ್ವಿ ನೋಡ್ರಿ. ಮುಂದಿನ ಊರು ಆರಿಸೋ ಸಮಿತಿಗೆ ಪಾಲಕರ ಪರವಾಗಿ ಒಬ್ಬರು ಬೇಕು. ನೀವು ಬರಬೇಕು."

"ನಾನು ಪಿ.ಯು.ಸಿ. ಓದಿರೋಳು ಮೇಡಂ."

"ಡಾಕ್ಟರೇಟ್ ಆದವರು ನಮ್ಮೊಳಗ ಏಳು ಮಂದಿ ಅದಾರ. ಬಸ್ಸಿನ್ಯಾಗ ನಿಂತು ಓಡಾಡಿದವರು ಒಬ್ಬರೂ ಇಲ್ಲ."

ಪ್ರೇಮಾ ಟೀ ಲೋಟ ಕೆಳಗಿಟ್ಟಳು. ಪರಮೇಶ ಬಂದು, ಯಾಕಕ್ಕ, ಊರಿಂದ ಏನಾದ್ರೂ ಕೆಟ್ಟ ಸುದ್ದಿನಾ ಎಂದು ಕೇಳಿದ. ಅವಳು ವಿಷಯ ಹೇಳಿದಳು. ಇಳಿಯುವ ದಾರಿಯಲ್ಲಿ ಹನೂರು ಮುಟ್ಟುವಷ್ಟರಲ್ಲಿ ಮುಂದಿನ ನಾಲ್ಕು ಸಾಲಿನ ಪ್ರಯಾಣಿಕರಿಗೆಲ್ಲ ಅದು ಗೊತ್ತಾಗಿತ್ತು. ಹೇಳಿದವನು ಪರಮೇಶನೇ.

ಸುದ್ದಿ ಊರು ತುಂಬ ಹರಡಿತು. ಹರಡಿದ ಮೇಲೆ ಒಂದು ತೊಡಕೂ ಬಂತು. ರಾಷ್ಟ್ರಮಟ್ಟದ ಸ್ಪರ್ಧೆಯನ್ನು ಕೊಳ್ಳೇಗಾಲದಲ್ಲೇ ಮಾಡಿಸಬೇಕು ಎಂದು ಊರಿನ ಹಿರಿಯರು ಕೂಡಿ ತೀರ್ಮಾನಿಸಿ, ಪರಿಷತ್ತಿಗೆ ಅರ್ಜಿಯನ್ನೇ ಕಳುಹಿಸಿಬಿಟ್ಟರು. ಓಡಾಡಿ ಸಹಿ ಹಾಕಿಸಿದವರು ವೆಂಕಟಸ್ವಾಮಿ. ಒಂದು ಸಂಜೆ ಅವರು ಪ್ರೇಮಾಳ ಮನೆಯ ಜಗಲಿಯಲ್ಲಿ ಬಂದು ಕೂತರು.

"ನಮ್ ರೇಸ್ಮೆ ದೇಸಕ್ಕೆಲ್ಲ ಓಯ್ತದೆ. ದೇಸದ್ ಮಕ್ಳು ಒಂದ್ಸಲ ನಮ್ಮೂರ್ಗೆ ಬರ್ಲಿ ಕಣವ್ವ. ಈಗ ನೀನೇ ಒಳಗಿದ್ದೀಯ. ಒಂದ್ ಮಾತು ಏಳು."

"ಏಳ್ತೀನಿ ತಾತ. ಇದ್ದದ್ನ ಏಳ್ತೀನಿ."

ಅವರು ಅದನ್ನು ಒಪ್ಪಿಗೆ ಎಂದುಕೊಂಡು ಖುಷಿಯಾಗಿ ಎದ್ದು ಹೋದರು.

ಪ್ರೇಮಾಳಿಗೂ ಆಸೆ ಇರಲಿಲ್ಲವೆಂದಲ್ಲ. ವಾರದ ರಜೆ ಬಂದಾಗ ದೀಪಳನ್ನು ಕರೆದುಕೊಂಡು ಇಡೀ ಊರು ತಿರುಗಿದಳು. ವಸತಿಗೃಹಗಳಲ್ಲಿ ಕೆಳಗೆ ಅಂಗಡಿ, ಮೇಲೆ ಕೋಣೆ. ಕಲ್ಯಾಣ ಮಂಟಪಗಳಲ್ಲಿ ಊಟದ ಮನೆ ಕೆಳಗೆ, ಮಲಗುವುದು ಮೇಲೆ. ನೆಲಮಹಡಿಯಲ್ಲಿ ಸಿಕ್ಕ ಹಾಸಿಗೆ ಹದಿನಾಲ್ಕು. ಬರುವ ಮಕ್ಕಳು ಮುನ್ನೂರು. ಊರಿಗೆ ರೈಲಿಲ್ಲ. ದೂರದವರು ಚಾಮರಾಜನಗರದಲ್ಲೋ ಮೈಸೂರಿನಲ್ಲೋ ಇಳಿದು, ಮಾದರಿಯ ಪೆಟ್ಟಿಗೆ ಹೊತ್ತು ಮತ್ತೆ ಬಸ್ಸು ಹಿಡಿಯಬೇಕು. ಅಸ್ಸಾಮಿನವರು ಬರಬೇಕೆಂದರೆ ಎಷ್ಟು ಸಲ ಗಾಡಿ ಬದಲಿಸಬೇಕು ಎಂದು ಬೆರಳು ಮಡಚಿದಳು. ಬಿಡಿಸಿ ಮತ್ತೆ ಮಡಚಿದಳು. ಎಣಿಕೆ ಬದಲಾಗಲಿಲ್ಲ.

"ಬ್ಯಾಡ ಅಂತೀಯ ಅಲ್ವಾ ಅವ್ವ?" ಎಂದು ದೀಪ ಕೇಳಿದಳು.

"ನೀನಾದ್ರೆ ಏನಂತಿದ್ದೆ?"

ದೀಪ ವಸತಿಗೃಹವೊಂದರ ಕಡಿದಾದ ಮೆಟ್ಟಿಲನ್ನು ನೋಡಿ, ಊರುಗೋಲನ್ನು ಮನೆಯ ಕಡೆ ತಿರುಗಿಸಿದಳು.

ಸಭೆ ಬೆಂಗಳೂರಿನಲ್ಲಿ. ಉದ್ದದ ಮೇಜು, ಸುತ್ತ ಎಂಟು ಜನ. ಪ್ರೇಮಾ ಖಾಕಿ ಬಿಟ್ಟು ಹಸಿರು ಸೀರೆ ಉಟ್ಟುಕೊಂಡು ಹೋಗಿದ್ದಳು. ಮುಂದೆ ನಾಲ್ಕು ಅರ್ಜಿ. ಒಂದು ಗಿರಿಧಾಮದ್ದು, ಒಂದು ಸಮುದ್ರ ತೀರದ ದೊಡ್ಡ ನಗರದ್ದು, ಒಂದು ನಾಗಪುರದ್ದು, ಒಂದು ಕೊಳ್ಳೇಗಾಲದ್ದು. ಗಿರಿಧಾಮದಿಂದ ಬಂದವರು ಪರದೆಯ ಮೇಲೆ ಚಿತ್ರ ತೋರಿಸಿದರು. ಕೊಳ, ಹೂದೋಟ, ಗಾಜಿನ ಸಭಾಂಗಣ. ಸಮಿತಿಯವರಿಗೆ ಒಂದೊಂದು ಕೈಚೀಲವನ್ನೂ ತಂದಿದ್ದರು. ಪ್ರೇಮಾ ಚೀಲವನ್ನು ಪಕ್ಕಕ್ಕೆ ಸರಿಸಿ, "ರೈಲು ಇಳಿದ ಜಾಗದಿಂದ ನಿಮ್ಮಲ್ಲಿಗೆ ಕೊನೇ ಬಸ್ಸು ಎಷ್ಟೊತ್ತಿಗೆ ಸಾರ್?" ಎಂದು ಕೇಳಿದಳು. ಕುಲಕರ್ಣಿ ಮೇಡಂ ಅದನ್ನು ಹಿಂದಿಗೆ ತಿರುಗಿಸಿದರು. ಬಂದವರು ಕಾರು ನಿಲ್ಲಿಸುವ ಜಾಗದ ಚಿತ್ರ ತೋರಿಸಿದರು. ಎಲ್ಲರೂ ಕಾರಿನಲ್ಲೇ ಬರುತ್ತಾರೆ ಎಂದರು. "ಸಭಾಂಗಣಕ್ಕೆ ಎಷ್ಟು ಮೆಟ್ಟಿಲು?" ಅದೂ ಗೊತ್ತಿರಲಿಲ್ಲ. ಸಮುದ್ರ ತೀರದವರಿಗೆ ಕೊನೆಯ ಬಸ್ಸು ಗೊತ್ತಿತ್ತು, ಆದರೆ ಅವರ ಕೋಣೆಯ ಬಾಡಿಗೆ ಎಷ್ಟು ಹೆಚ್ಚೆಂದರೆ, ತನಗೆ ಸರಿಯಾಗಿ ಕೇಳಿಸಿತೇ ಎಂದು ಅವಳು ಎರಡನೇ ಸಲ ಕೇಳಬೇಕಾಯಿತು.

ನಾಗಪುರದಿಂದ ಬಂದವರು ಒಬ್ಬ ಶಾಲಾ ಶಿಕ್ಷಕಿ, ಒಂದು ನೋಟ್ ಬುಕ್ ಹಿಡಿದು ಒಬ್ಬರೇ ಬಂದಿದ್ದರು. ನಾಲ್ಕು ದಿಕ್ಕಿನ ರೈಲುಗಳು ಅಲ್ಲಿ ಸೇರುತ್ತವೆ. ನಿಲ್ದಾಣದಿಂದ ಅವರ ಶಾಲೆಗೆ ನಡೆದರೆ ಇಪ್ಪತ್ತು ನಿಮಿಷ, ಬಸ್ಸಿದೆ, ಆಟೋ ಇದೆ. ಹಳೆಯ ಕಟ್ಟಡ, ಒಂದೇ ಅಂತಸ್ತು. "ಬಾಗಿಲಲ್ಲಿ ಮೂರು ಮೆಟ್ಟಿಲಿವೆ. ಇಳಿಜಾರು ಹಾಕಿಸುತ್ತೇವೆ. ಕಕ್ಕಸು ಎರಡು ಮಾತ್ರ ಅಗಲವಾಗಿವೆ, ಅದು ಸಾಲದು" ಎಂದು ತಾವಾಗಿಯೇ ಹೇಳಿದರು. ಪ್ರೇಮಾಳಿಗೆ ಆ ಹೆಂಗಸಿನ ಮೇಲೆ ಒಮ್ಮೆಲೇ ನಂಬಿಕೆ ಬಂತು. ಇಲ್ಲದ್ದನ್ನೂ ಎಣಿಸಿಕೊಂಡು ಬಂದವರು ಅಲ್ಲಿ ಅವರೊಬ್ಬರೇ.

ಕೊನೆಗೆ ಕೊಳ್ಳೇಗಾಲ. ಎಲ್ಲರೂ ನಗುತ್ತ ಅವಳ ಕಡೆ ತಿರುಗಿದರು. ಅಧ್ಯಕ್ಷರು, ಇದರ ಬಗ್ಗೆ ನೀವೇ ಹೇಳಬೇಕು ಅಂದರು.

ಪ್ರೇಮಾ ಎದ್ದು ನಿಂತಳು. ಕೂತು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. "ಒಳ್ಳೇ ಊರು ಸಾರ್. ಜನ ಒಳ್ಳೇವ್ರು, ಯಾರ್ನೂ ಹಸಿದು ಮಲಗೋಕೆ ಬಿಡಲ್ಲ. ಆದ್ರೆ ಈ ಸ್ಪರ್ಧೆಗೆ ಆಗಲ್ಲ" ಎಂದು ರೈಲಿನ ವಿಷಯ, ಹದಿನಾಲ್ಕು ಹಾಸಿಗೆಯ ವಿಷಯ, ಎಷ್ಟು ಸಲ ಗಾಡಿ ಬದಲಿಸಬೇಕೆಂಬ ವಿಷಯ, ಒಂದೊಂದಾಗಿ ಹೇಳಿದಳು. ಮುಗಿಸುವವರೆಗೆ ಕೂರಲಿಲ್ಲ.

"ಇದು ನಿಮ್ಮದೇ ಊರಲ್ಲವೇ?" ಎಂದು ಒಬ್ಬ ಸದಸ್ಯರು ಕೇಳಿದರು.

"ನಮ್ಮೂರೇ ಸಾರ್. ಅದಕ್ಕೇ ಗೊತ್ತು."

ನಾಗಪುರ ಗೆದ್ದಿತು. ಅಷ್ಟೇ ಅಲ್ಲ, ಇನ್ನು ಮುಂದೆ ಯಾವ ಊರು ಅರ್ಜಿ ಹಾಕಿದರೂ ಪ್ರೇಮಾ ಬರೆದ ಪಟ್ಟಿಯ ಪ್ರಶ್ನೆಗಳಿಗೆ ಮೊದಲು ಉತ್ತರ ಕೊಡಬೇಕು, ಉತ್ತರವನ್ನು ಒಬ್ಬರು ಹೋಗಿ ನೋಡಿಕೊಂಡು ಬರಬೇಕು ಎಂದು ಪರಿಷತ್ತು ನಿರ್ಣಯ ಮಾಡಿತು. ಕಾಗದದಲ್ಲಿ ಅದಕ್ಕೆ ಏನೋ ಉದ್ದದ ಹೆಸರಿದೆ. ಅಲ್ಲಿನವರು ಬಾಯಲ್ಲಿ ಕರೆಯುವುದು ಮಾತ್ರ 'ಪ್ರೇಮಾ ಪಟ್ಟಿ' ಎಂದೇ.

ಊರಿನಲ್ಲಿ ಸುದ್ದಿ ಬೇರೆ ರೀತಿಯಲ್ಲಿ ತಲುಪಿತ್ತು. ತನ್ನ ಊರಿಗೇ ಕಲ್ಲು ಹಾಕಿ ಬಂದಳು ಎಂದು ಬಸ್ ನಿಲ್ದಾಣದಲ್ಲಿ ಕೆಲವರು ಅವಳಿಗೆ ಕೇಳಿಸುವ ಹಾಗೆ ಆಡಿಕೊಂಡರು. ನಾಗರಾಜು ನೀರು ಬಿಡಲು ಹೋದ ಬೀದಿಗಳಲ್ಲಿ ಅವನನ್ನೂ ಕೇಳಿದರು. ವೆಂಕಟಸ್ವಾಮಿ ಮಾತೇ ಬಿಟ್ಟರು. ಎದುರು ಬಂದರೆ ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರು. ಪ್ರೇಮಾಳಿಗೆ ಉಳಿದವರ ಮಾತಿಗಿಂತ ಆ ಮುದುಕರ ಮೌನ ಹೆಚ್ಚು ಚುಚ್ಚಿತು.

ಒಂದು ಅಮಾವಾಸ್ಯೆಯ ಹಿಂದಿನ ದಿನ ಅವರು ಬೆಟ್ಟಕ್ಕೆ ಹೋಗಲು ಬಸ್ಸು ಹತ್ತಿದರು. ಅದೇ ಬಸ್ಸು. ಇಳಿಯಲು ಮನಸ್ಸಾಗಲಿಲ್ಲವೋ ಏನೋ, ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕೂತರು. ಹನೂರು ದಾಟಿ ಜನ ಇಳಿದ ಮೇಲೆ ಪ್ರೇಮಾ ಹೋಗಿ ಪಕ್ಕದಲ್ಲಿ ನಿಂತಳು.

"ಟಿಕೆಟ್ ಯಜಮಾನ್ರೇ."

ಅವರು ಹಣ ಕೊಟ್ಟು, ಕಿಟಕಿಯಿಂದ ಆಚೆ ನೋಡುತ್ತ, "ನಮ್ಮೂರ್ನ ಬ್ಯಾಡ ಅಂದ್ಬುಟ್ಟೆಯಲ್ಲವ್ವ" ಅಂದರು.

"ಅಂದೆ ತಾತ. ನಿಮ್ ಮೊಮ್ಮಗ್ಳೂ ನನ್ ಮಗ್ಳೂ ಅವತ್ತು ನಲವತ್ತೆಂಟು ಮೆಟ್ಲು ಅತ್ತುದ್ರು. ನಮ್ಮೂರ್ಗೆ ಬಂದ ಮಗ ಒಂದು ಹಂಗೇ ಅತ್ಕಂಡು, ಈ ಊರ್ನೋರಿಗೆ ಕಣ್ಣಿಲ್ವಾ ಅನ್ಕಂಡು ಓದ್ರೆ?"

ಮುದುಕರು ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತಾಳಬೆಟ್ಟ ಬಂತು.

"ಸೀರೆಲಿ ಎಳೆ ತಪ್ಪಿದ್ರೆ ನಾನೇ ಕುಯ್ದು ಬಿಸಾಕ್ತೀನಿ. ನನ್ ಸೀರೆ ಅಂತ ಮುಚ್ಚಾಕಲ್ಲ" ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ಅವಳ ಕಡೆ ತಿರುಗಿ, "ದೊಡ್ಡದು ಆಗದಿಲ್ಲ, ಸರಿ. ನಮ್ಮೂರ್ಲಿ ಏನ್ ಆಯ್ತದೆ, ಅದ್ನ ಏಳು" ಅಂದರು.

ಅದಕ್ಕೆ ಪ್ರೇಮಾಳ ಹತ್ತಿರ ಉತ್ತರವಿತ್ತು. ಚಾಮರಾಜನಗರ, ಮಂಡ್ಯ, ಮೈಸೂರು ಮೂರು ಜಿಲ್ಲೆಗಳ ಪ್ರಾಂತ ಮಟ್ಟದ ಸುತ್ತು ಪ್ರತಿ ನವೆಂಬರಿನಲ್ಲಿ ನಡೆಯುತ್ತದೆ. ಎಲ್ಲರೂ ಬಸ್ಸಿನಲ್ಲೇ ಬರುವವರು. ಹೆಣ್ಣುಮಕ್ಕಳು ಟಿಕೆಟ್ಟಿಗೆ ಹಣ ಕೊಡಬೇಕಾಗಿಯೂ ಇಲ್ಲ. ಮಕ್ಕಳು ತೊಂಬತ್ತು. ಅಷ್ಟಕ್ಕೆ ಕೊಳ್ಳೇಗಾಲ ಸಾಕು, ಮಲಗುವ ಜಾಗವೊಂದು ಸಿಕ್ಕರೆ.

"ನಮ್ ಬೀದಿ ಮನೆಗಳೆಲ್ಲ ನೆಲದ್ ಮ್ಯಾಲೇ ಅವೆ" ಅಂದರು ವೆಂಕಟಸ್ವಾಮಿ. "ಮಗ್ಗದ ಮನೆಲಿ ನಾಲ್ಕ್ ನಾಲ್ಕ್ ಮಕ್ಳು ಮಲಗ್ಬೋದು."

ಆ ನವೆಂಬರಿನಲ್ಲಿ ನೇಕಾರರ ಬೀದಿಯ ಇಪ್ಪತ್ತೆರಡು ಮನೆಗಳು ಬಾಗಿಲು ತೆರೆದವು. ಬಾಗಿಲುಗಳಲ್ಲಿ ಎಲ್ಲೆಲ್ಲಿ ಮೆಟ್ಟಿಲಿತ್ತೋ ಅಲ್ಲಲ್ಲಿ ಹಲಗೆಯ ಇಳಿಜಾರು. ಅದನ್ನು ಹೊಂದಿಸಿದವನು ನಾಗರಾಜು. ಹನೂರು, ಯಳಂದೂರು ಕಡೆಯ ಬಸ್ಸುಗಳ ಡ್ರೈವರುಗಳಿಗೆಲ್ಲ ಪರಮೇಶ ಮೊದಲೇ ಹೇಳಿ, ಮಾದರಿಯ ಪೆಟ್ಟಿಗೆಗಳಿಗೆ ಜಾಗ ಮಾಡಿಸಿದ್ದ. ಹೂಗ್ಯಂನಿಂದ ಇಬ್ಬರು ಮಕ್ಕಳು ಬಂದರು. ಕಾಡಂಚಿನ ಆ ಊರಿನ ಶಾಲೆಯಿಂದ ಯಾರೂ ಈ ಸ್ಪರ್ಧೆಗೆ ಬಂದದ್ದೇ ಇಲ್ಲ. ಮೈಸೂರಿನಲ್ಲಾದರೆ ಹಿಂದಿನ ದಿನವೇ ಹೊರಟು ಎಲ್ಲಿ ಉಳಿಯುವುದು ಎಂಬುದೇ ಅವರಿಗೆ ಬಗೆಹರಿಯದ ಮಾತಾಗಿತ್ತು. ಮಕ್ಕಳ ಜೊತೆ ಬಂದ ಅಜ್ಜಿ ದೊಡ್ಡಬಸಮ್ಮ ವೆಂಕಟಸ್ವಾಮಿಯವರ ಮಗ್ಗದ ಮನೆಯಲ್ಲಿ ಕಾಲು ಚಾಚಿ ಕೂತು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಬೀದಿಯ ಹೆಂಗಸರಿಗೆಲ್ಲ ಆನೆಯ ಕಥೆ ಹೇಳಿದಳು. ತೊಂಬತ್ತಕ್ಕೆ ತೊಂಬತ್ತೂ ಮಕ್ಕಳು ಹಾಜರು. ಪರಿಷತ್ತಿನಿಂದ ನೋಡಲು ಬಂದಿದ್ದ ಕುಲಕರ್ಣಿ ಮೇಡಂ ಪಟ್ಟಿಯನ್ನು ಎರಡು ಸಲ ನೋಡಿ ಮಡಚಿಟ್ಟರು.

ಜನವರಿಯಲ್ಲಿ ನಾಗಪುರಕ್ಕೆ ಹೊರಟವರಲ್ಲಿ ಪ್ರಾಂತ, ರಾಜ್ಯ ಎರಡೂ ಸುತ್ತು ಗೆದ್ದ ದೀಪ, ಇಂಚರ, ಹೂಗ್ಯಂನ ಇಬ್ಬರು, ಹೇಮಂತ್ ಮೇಷ್ಟ್ರು, ಪ್ರೇಮಾ ಇದ್ದರು. ನಾನೂ ಬರ್ತೀನಿ ಎಂದು ವೆಂಕಟಸ್ವಾಮಿಯೂ ಗಂಟು ಕಟ್ಟಿದರು. ಇಳಿದ ಬೆಳಿಗ್ಗೆ ಚಳಿಯಿತ್ತು. ನಿಲ್ದಾಣದ ಬಾಗಿಲಲ್ಲೇ ಶಾಲೆಯ ಹುಡುಗಿಯರು ಫಲಕ ಹಿಡಿದು ನಿಂತಿದ್ದರು, ಅದರಲ್ಲಿ ಕನ್ನಡವೂ ಇತ್ತು. ಶಾಲೆಯ ಬಾಗಿಲಲ್ಲಿ ಸಿಮೆಂಟಿನ ಇಳಿಜಾರು. ದೀಪ ಅದನ್ನು ಹತ್ತಿ ಒಳಗೆ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಗಮನಿಸಬೇಕಾದದ್ದು ಅಲ್ಲಿ ಏನೂ ಇರಲಿಲ್ಲ.

ಒಡಿಶಾದ ಹುಡುಗಿಯರು ಬಂದಿದ್ದರು. ಕಚ್ಛಿನವರು, ಅಸ್ಸಾಮಿನವರು ಬಂದಿದ್ದರು. ರಾಜಸ್ಥಾನದ ಅಂಧಮಕ್ಕಳ ಶಾಲೆಯ ಮೇಷ್ಟ್ರು ಹೇಮಂತರ ದನಿ ಗುರುತಿಸಿ, ಕಂಡಕ್ಟರ್ ಎಲ್ಲಿ ಎಂದು ಕೇಳಿಕೊಂಡು ಬಂದು ಪ್ರೇಮಾಳ ಎರಡೂ ಕೈ ಹಿಡಿದುಕೊಂಡರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಲಡಾಖಿನ ಮೇಜು ಮಾತ್ರ ಖಾಲಿ ಇತ್ತು. ತಿಂಗಳು ಬದಲಾಗದ ಹೊರತು ಅವರು ಬರಲಾರರು. ಪ್ರೇಮಾ ಅದನ್ನೂ ಬರೆದಿಟ್ಟುಕೊಂಡಳು.

ಮಡಚುವ ಮೆಟ್ಟಿಲಿಗೆ ಮೂರನೇ ಬಹುಮಾನ ಬಂತು. ತೀರ್ಪುಗಾರರು ಅದರ ಮುಂದೆ ಅರ್ಧ ಗಂಟೆ ನಿಂತು, ಒಬ್ಬೊಬ್ಬರಾಗಿ ಹಲಗೆ ತುಳಿದು ನೋಡಿದರು. ಹಿಂದಕ್ಕೆ ಬರುವ ರೈಲಿನಲ್ಲಿ ಎದುರು ಸೀಟಿನವರು, ನೀವೆಲ್ಲ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ವೆಂಕಟಸ್ವಾಮಿ ಶಲ್ಯ ಸರಿಮಾಡಿಕೊಂಡು ಪ್ರೇಮಾಳನ್ನು ತೋರಿಸಿ, "ದೇಸದಲ್ಲಿ ಮಕ್ಳು ಎಲ್ಲಿ ಸೇರ್ಬೇಕು ಅಂತ ಏಳೋರು ಇವ್ರೇ. ತಪ್ಪಿದ್ರೆ ನಮ್ಮೂರ್ನೇ ಬ್ಯಾಡ ಅಂದೋರು" ಎಂದರು. ಪ್ರೇಮಾ, ಸುಮ್ನಿರಿ ತಾತ, ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ತುಟಿಯ ಮೇಲಿನ ನಗೆ ಮಾತ್ರ ಗಾಜಿನಲ್ಲಿ ಕಾಣುತ್ತಿತ್ತು.

ಈಗಲೂ ಅವಳು ಆರೂ ಇಪ್ಪತ್ತರ ಬಸ್ಸಿನಲ್ಲೇ ಇದ್ದಾಳೆ. ವರ್ಷಕ್ಕೆ ಎರಡು ಸಲ ಪರಿಷತ್ತಿನ ಕೆಲಸಕ್ಕೆ ರಜೆ ಹಾಕುತ್ತಾಳೆ. ಈ ವರ್ಷದ ಅರ್ಜಿಗಳಲ್ಲಿ ಗುವಾಹಟಿಯದೂ ಒಂದಿದೆ. ಸಮಿತಿಯಲ್ಲಿ ಕೆಲವರಿಗೆ ಅದು ಬಹಳ ದೂರವಾಯಿತು, ನಾಗಪುರವೇ ಇರಲಿ ಅನ್ನಿಸಿದೆ. ಪ್ರೇಮಾ ಅಲ್ಲಿನ ಉತ್ತರಗಳನ್ನು ಓದಿ, ಹೋಗಿ ನೋಡಿ ಬಂದವರ ಹತ್ತಿರ ಫೋನಿನಲ್ಲಿ ಮಾತಾಡಿ, ಅದರ ಪರವಾಗಿ ಬರೆದಳು. ಕೆಳಗಿನ ಸುತ್ತುಗಳನ್ನು ಮೊದಲೇ ಮುಗಿಸಿ, ಲಡಾಖಿನ ರಸ್ತೆ ಮುಚ್ಚುವ ಮುಂಚೆ ನವೆಂಬರಿನಲ್ಲೇ ಸ್ಪರ್ಧೆ ಆಗಲಿ, ದೂರದ ಶಾಲೆಗಳ ರೈಲಿನ ಹಣವನ್ನು ಪರಿಷತ್ತೇ ಕೊಡಲಿ ಎಂದೂ ಸೇರಿಸಿದಳು.

ಪತ್ರ ಮುಗಿಸಿದಾಗ, ಈಗ ಪಿ.ಯು.ಸಿ. ಓದುತ್ತಿರುವ ದೀಪ ಭೂಪಟದ ಮೇಲೆ ಗೇಣು ಹಾಕಿ ಅಳೆದಳು. "ಅಲ್ಲಿಗೆ ಓಗಕ್ಕೆ ನಮ್ ಕಡೆ ಮಕ್ಳಿಗೆ ಮೂರ್ ದಿನ ಆಯ್ತದೆ ಕಣವ್ವ."

"ಆಗ್ಲಿ" ಅಂದಳು ಪ್ರೇಮಾ, ಲಕೋಟೆಯ ಮೇಲೆ ವಿಳಾಸ ಬರೆಯುತ್ತ. "ಆ ಕಡೆ ಮಕ್ಳು ಇಷ್ಟು ವರ್ಸ ರೈಲಲ್ಲಿ ಕೂತ್ಕಂಡು ಬಂದವ್ರೆ. ಒಂದ್ ವರ್ಸ ನಾವು ಕೂತ್ಕಂಡು ಓಗವ."